ತೀರ್ಥಮ್ಮ ಕೊಟ್ಟ ಎರಡು ಹೇಳಿಕೆ

ನಮ್ಮ ಚಿಕ್ಕಮ್ಮ ತೀರ್ಥಮ್ಮ ತನ್ನ ಅರವತ್ತಮೂರು ವರ್ಷದ ಬದುಕಿನಲ್ಲಿ ಪೊಲೀಸರಿಗೆ ಎರಡೇ ಸಲ ಹೇಳಿಕೆ ಕೊಟ್ಟಿದ್ದಾಳೆ. ಮೊದಲ ಸಲ ನಿಜ ಹೇಳಿದಳು, ಎರಡನೇ ಸಲ ಸುಳ್ಳು ಹೇಳಿದಳು. ನಿಜ ಹೇಳಿದ್ದಕ್ಕೆ ನಾನು ಅವಳನ್ನು ಬಾಯಿಗೆ ಬಂದ ಹಾಗೆ ಬೈದೆ. ಸುಳ್ಳು ಬರೆದುಕೊಟ್ಟ ದಿನ ಒಳ್ಳೆಯ ಕೆಲಸ ಮಾಡಿದೆ ಎಂದೆ. ಇದನ್ನು ಬರೆಯುತ್ತಿರುವಾಗಲೂ ನನ್ನ ಸಿಟ್ಟು ಇಳಿದಿಲ್ಲ.

ನಾನು ಸ್ಫೂರ್ತಿ, ಅಜ್ಜಂಪುರದವಳು. ಹತ್ತು ವರ್ಷದಿಂದ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ಇಲ್ಲಿ ಉತ್ತರವಿಲ್ಲ. ಅಪ್ಪ ಓಂಕಾರಮೂರ್ತಿ ಹಿಟ್ಟಿನ ಗಿರಣಿ ಇಟ್ಟಿದ್ದರು, ತೀರಿಕೊಂಡು ಐದು ವರ್ಷವಾಯಿತು. ಅಮ್ಮ ಗಿರಿಜಮ್ಮ. ಅಮ್ಮನ ಒಡಹುಟ್ಟಿದ ತಂಗಿ ತೀರ್ಥಮ್ಮ, ಬೀರೂರಿನವಳು. ನನ್ನನ್ನು ಹೆತ್ತವಳು ತೀರ್ಥಮ್ಮ, ಸಾಕಿದವಳು ಗಿರಿಜಮ್ಮ. ಇದು ನಮ್ಮ ಬಳಗದಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ ಕಡೆಗೆ ನಮಗೆ ಮುಳುವಾಯಿತು.

ಅಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ಅಪ್ಪನ ತಾಯಿ ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದಿದ್ದರಂತೆ. ಆಗ ತೀರ್ಥಮ್ಮ ಮೂರನೆಯ ಸಲ ಬಸುರಿ. ಅವಳ ಗಂಡ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಸಂಸಾರ. ಅಕ್ಕ ಅಳುವುದನ್ನು ನೋಡಲಾಗದೆ, 'ಈ ಸಲದ್ದು ನಿಂಗೆ ಕಣಕ್ಕ' ಎಂದುಬಿಟ್ಟಳು. ಆಡಿದ ಮಾತಿಗೆ ತಪ್ಪಲಿಲ್ಲ. ನನಗೆ ಐದು ತಿಂಗಳಾದಾಗ ಅಜ್ಜಂಪುರದ ಮನೆಯಲ್ಲಿ ಐದು ಜನ ಮುತ್ತೈದೆಯರನ್ನು ಕೂರಿಸಿ, ಮಠದ ಅಯ್ಯನವರ ಎದುರಿಗೆ, ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ನನ್ನನ್ನು ಅಮ್ಮನ ಮಡಿಲಿಗೆ ಹಾಕಿದರು. ಅಪ್ಪನ ತೊಡೆಯ ಮೇಲೆ ಕೂರಿಸಿ ಅಯ್ಯನವರು ಲಿಂಗ ಕಟ್ಟಿದರು. ಅಲ್ಲಿಗೆ ನಾನು ಗಿರಣಿ ಓಂಕಾರಮೂರ್ತಿಯ ಮಗಳು. ಒಂದು ಚೂರು ಕಾಗದ ಬರೆಯಲಿಲ್ಲ. ನಮ್ಮಲ್ಲಿ ಎತ್ತು ಮಾರಿದರೂ ಚೀಟಿ ಬರೆಯುತ್ತಾರೆ, ಹೆಣ್ಣುಮಗು ಕೊಡುವುದಕ್ಕೆ ತೆಂಗಿನಕಾಯಿ ಸಾಕಾಯಿತು.

ಮಡಿಲಿಗೆ ಹಾಕಿದ ಮೇಲೆ ಹೆತ್ತವಳು 'ನನ್ನ ಮಗು' ಎನ್ನಬಾರದು, ಅದು ನಿಯಮ. ತೀರ್ಥಮ್ಮ ವಾಪಸ್ ಬೀರೂರಿಗೆ ಹೋಗಿ, ಎದೆಹಾಲು ಬತ್ತಲಿ ಎಂದು ಮಲ್ಲಿಗೆ ಹೂವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಎಂಟು ದಿನ ಓಡಾಡಿದಳಂತೆ. ಇದನ್ನು ನನಗೆ ಹೇಳಿದ್ದು ಅಮ್ಮ, ಅವಳಲ್ಲ. ಅವಳು ಪ್ಯಾಸೆಂಜರ್ ರೈಲಿನಲ್ಲಿ ನಮ್ಮ ಮನೆಗೆ ಬರುತ್ತಿದ್ದಳು, ಸಂಜೆ ಹೋಗುತ್ತಿದ್ದಳು. ನನಗೆ ಹುಷಾರಿಲ್ಲದಾಗ ಮಾತ್ರ ಬರುತ್ತಿರಲಿಲ್ಲ. ಬಂದರೆ ತಡೆದುಕೊಳ್ಳಲು ಆಗುವುದಿಲ್ಲ ಎಂದು ಗೊತ್ತಿದ್ದಿರಬೇಕು. ನನ್ನನ್ನು ಯಾರಿಗಾದರೂ ಪರಿಚಯ ಮಾಡಿಸುವಾಗ 'ನಮ್ಮಕ್ಕನ ಮಗಳು' ಎಂದು ನೆಟ್ಟಗೆ ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಶಾಲೆಯ ಬಿಸಿಯೂಟದ ಅಡುಗೆ ಹಿಡಿದು, ದಿನಕ್ಕೆ ನೂರೈವತ್ತು ಮಕ್ಕಳಿಗೆ ಬಡಿಸಿ, ನನ್ನ ನಂತರ ಹುಟ್ಟಿದ್ದೂ ಸೇರಿ ಮನೆಯಲ್ಲಿದ್ದ ಮೂವರನ್ನೂ ದಡ ಸೇರಿಸಿದಳು. ಒಂದು ದಿನವೂ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ.

ನನ್ನ ಪಾಸ್‌ಪೋರ್ಟಿನ ಹತ್ತು ವರ್ಷ ಕಳೆದ ಅಕ್ಟೋಬರಿಗೆ ಮುಗಿಯುವುದಿತ್ತು. ಮಸ್ಕತ್ತಿನಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ರೆಸಿಡೆಂಟ್ ಕಾರ್ಡ್ ಬೇಕು, ನನ್ನದು ಜುಲೈ ಕೊನೆಗೆ ತೀರುತ್ತಿತ್ತು. ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಬಾಕಿ ಇಲ್ಲದಿದ್ದರೆ ಕಾರ್ಡ್ ಮುಂದುವರಿಸುವುದಿಲ್ಲ. ಕಾರ್ಡ್ ಇಲ್ಲದ ಮಾರನೆಯ ದಿನದಿಂದ ವಾರ್ಡಿಗೆ ಕಾಲಿಡುವಂತಿಲ್ಲ, ಆಸ್ಪತ್ರೆಯವರು ಮುಖ ನೋಡದೆ ಮನೆಗೆ ಕಳಿಸುತ್ತಾರೆ. ನನಗೆ ಮೂವತ್ತೇಳು. ಈ ವಯಸ್ಸಿಗೆ ಊರಿಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡುವ ಶಕ್ತಿ ನನಗಿರಲಿಲ್ಲ. ಮೇ ತಿಂಗಳಲ್ಲೇ ರಾಯಭಾರ ಕಚೇರಿಗೆ ಅರ್ಜಿ ಹಾಕಿದೆ. ಅಪ್ಪ ಹೋದ ಮೇಲೆ ಅಮ್ಮ ಗಿರಣಿಯ ಮನೆ ಬಿಟ್ಟು ಪೇಟೆ ಬೀದಿಗೆ ಬಂದಿದ್ದಳು, ಹಾಗಾಗಿ ವಿಳಾಸ ಬದಲಿಸಿದೆ. ವಿಳಾಸ ಬದಲಾದರೆ ಊರಿನಲ್ಲಿ ಪೊಲೀಸ್ ವಿಚಾರಣೆ ಆಗಲೇಬೇಕು ಎಂದರು. ಆಗಲಿ, ನಮ್ಮಮ್ಮ ಮನೆಯಲ್ಲೇ ಇರುತ್ತಾಳಲ್ಲ, ಎಂದು ನಿಶ್ಚಿಂತೆಯಾಗಿದ್ದೆ. ಹತ್ತು ವರ್ಷದ ಹಿಂದೆ ಪೊಲೀಸಿನವರು ಬಂದಾಗ ಅಪ್ಪ 'ನನ್ನ ಮಗಳು' ಎಂದಿದ್ದರು, ಅಲ್ಲಿಗೆ ಮುಗಿದಿತ್ತು.

ಜೂನ್ ಎರಡನೇ ವಾರ ರಾಯಭಾರ ಕಚೇರಿಯಿಂದ ಮೇಲ್ ಬಂತು. ಪೊಲೀಸ್ ವರದಿ ಪ್ರತಿಕೂಲವಾಗಿದೆ, ಅರ್ಜಿಯಲ್ಲಿ ತಿಳಿಸಿದ ತಾಯಿಯ ವಿವರ ಸ್ಥಳ ವಿಚಾರಣೆಯಲ್ಲಿ ತಾಳೆಯಾಗಿಲ್ಲ, ಮೂವತ್ತು ದಿನದಲ್ಲಿ ಸಮಜಾಯಿಷಿ ಕೊಡಿ ಎಂದಿತ್ತು. ಅದನ್ನು ಮೂರು ಸಲ ಓದಿದೆ. ತಾಯಿ ತಾಳೆಯಾಗಿಲ್ಲ. ಡ್ಯೂಟಿ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಹಚ್ಚಿದೆ.

"ಪೊಲೀಸಿನೋರು ಬಂದಿದ್ರೇನಮ್ಮ?"

"ಬಂದಿದ್ರಂತೆ ಕಣೇ. ನಾನು ಮಂಡಿ ನೋವಿಗೆ ಡಾಕ್ಟ್ರ ಹತ್ರ ಹೋಗಿದ್ದೆ. ತೀರ್ಥ ಇದ್ಲು ಮನೇಲಿ. ಎಲ್ಲ ಹೇಳಿ ಕಳ್ಸಿದೀನಿ ಅಂದ್ಲು."

"ಏನು ಹೇಳಿ ಕಳ್ಸಿದ್ಲು?"

ಅಮ್ಮ ಫೋನನ್ನು ತಂಗಿಯ ಕೈಗೆ ಕೊಟ್ಟಳು. ಅಕ್ಕನ ಮಂಡಿ ನೋವೆಂದು ತೀರ್ಥಮ್ಮ ರಜೆ ಹೇಳಿ ಎರಡು ವಾರದಿಂದ ಅಲ್ಲೇ ಇದ್ದಳು. ನಡೆದದ್ದನ್ನು ಅವಳು ಸ್ವಲ್ಪವೂ ಅಳುಕಿಲ್ಲದೆ ಹೇಳಿದಳು. ಕಾನ್‌ಸ್ಟೇಬಲ್ ಬಂದ, ಒಳ್ಳೆ ಹುಡುಗ. ಕಾಫಿ ಕೊಟ್ಟಳು. ಸ್ಫೂರ್ತಿ ಅನ್ನೋರು ಈ ಮನೆಯವರಾ ಎಂದ, ಹೌದು ಎಂದಳು. ನೀವು ಅವರಿಗೆ ಏನಾಗಬೇಕು ಎಂದ. ತಾಯಿ ಎಂದಳು. ಅವನು ಕಾಗದ ನೋಡಿ, ಹಾಗಾದರೆ ಗಿರಿಜಮ್ಮ ನೀವೇನಾ ಎಂದ. ಅಲ್ಲಪ್ಪ, ನಾನು ತೀರ್ಥಮ್ಮ, ಹೆತ್ತಿದ್ದು ನಾನು, ಅಕ್ಕನಿಗೆ ಕೊಟ್ಟೆ ಎಂದಳು. ಅವನು ಎರಡೆರಡು ಸಲ ಕೇಳಿ ಬರೆದುಕೊಂಡ. ಓದಿ ಹೇಳಿದ. ಅವಳು ಏಳನೇ ತರಗತಿ ಓದಿದವಳು, ತಾನೂ ಒಂದು ಸಲ ಓದಿ ನೋಡಿ ದುಂಡಗೆ ಸಹಿ ಹಾಕಿದಳು.

ನಾನು ಕೂಗಾಡಿದ್ದು ಮೆಟ್ಟಿಲಲ್ಲಿ ಓಡಾಡುವವರಿಗೆಲ್ಲ ಕೇಳಿಸಿತು. ಅಲ್ಲಿ ಕನ್ನಡ ತಿಳಿದವರಿರಲಿಲ್ಲ, ಸದ್ಯ.

"ನಿನ್ನ ಯಾರು ಕೇಳಿದ್ರು ಚಿಕ್ಕಮ್ಮ ಹೆತ್ತಿದ್ದು ಪತ್ತಿದ್ದು ಎಲ್ಲ? ಮೂವತ್ತೇಳು ವರ್ಷ ಬಾಯಿ ಮುಚ್ಕೊಂಡಿದ್ದೋಳು ಇನ್ನೊಂದು ದಿನ ಮುಚ್ಕೊಂಡಿರೋಕೆ ಆಗ್ಲಿಲ್ವಾ? ಕೊಟ್ಟ ಮೇಲೆ ಮುಗೀತು. ನಿಂಗೇನು ಹಕ್ಕಿದೆ ಈಗ?"

ಅವಳು ಮೆಲ್ಲಗೆ ಹೇಳಿದಳು.

"ಹಕ್ಕಿಗಲ್ಲ ಕಣೇ. ನೀನು ಅವಳಿಗೆ ಏನಾಗ್ಬೇಕು ಅಂತ ಇಷ್ಟು ವರ್ಷದಲ್ಲಿ ಯಾರೂ ನನ್ನ ಕೇಳಿರ್ಲಿಲ್ಲ. ಆ ಹುಡುಗ ಕೇಳ್ಬಿಟ್ಟ. ಸರ್ಕಾರದೋನು ಬೇರೆ. ಸರ್ಕಾರದ ಮುಂದೆ ಸುಳ್ಳು ಹೆಂಗೆ ಹೇಳೋದು ಅಂತ ಇದ್ದದ್ದು ಹೇಳ್ದೆ."

ಈ ಮಾತಿಗೆ ಯಾರಿಗಾದರೂ ಕರುಳು ಚುರ್ ಎನ್ನಬೇಕು. ನನಗೆ ಎನ್ನಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಜುಲೈ ಮೂವತ್ತೊಂದು. ಫೋನ್ ಕುಕ್ಕಿಬಿಟ್ಟೆ.

ರಾಯಭಾರ ಕಚೇರಿಗೆ ಹೋಗಿ ಕೌಂಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ದತ್ತು ಪತ್ರ ಇದೆಯೇ ಎಂದರು. ಇಲ್ಲ ಎಂದೆ. ಕೋರ್ಟಿನ ಆದೇಶ? ಇಲ್ಲ. ದತ್ತು ನಡೆದದ್ದಕ್ಕೆ ಏನಾದರೂ ದಾಖಲೆ? ಅಯ್ಯನವರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷ, ಆ ಐವರು ಮುತ್ತೈದೆಯರಲ್ಲಿ ಉಳಿದವಳು ಒಬ್ಬಳು, ಅವಳಿಗೂ ಈಗ ಕಿವಿ ಕೇಳುವುದಿಲ್ಲ. ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನನ್ನನ್ನು ಬೆಳೆಸಿದ್ದು, ಓದಿಸಿದ್ದು, ಟೈಫಾಯ್ಡ್ ಬಂದಾಗ ಹದಿನಾಲ್ಕು ರಾತ್ರಿ ತಲೆಗೆ ಒದ್ದೆ ಬಟ್ಟೆ ಹಾಕಿದ್ದು, ಯಾವುದೂ ದಾಖಲೆಯಲ್ಲವಂತೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಗಿರಿಜಮ್ಮ ಅಂತಲೇ ಇದೆಯಲ್ಲ ಎಂದೆ. ಇದೆ, ಆದರೆ ಪೊಲೀಸ್ ಹೇಳಿಕೆ ಬೇರೆ ಹೇಳುತ್ತದೆ ಎಂದರು.

ಬೀರೂರಿನಲ್ಲಿರುವ ತೀರ್ಥಮ್ಮನ ಹಿರಿಮಗ ರೇಣುಕಪ್ರಸಾದನಿಗೆ ಹೇಳಿ ಕಡೂರಿನಲ್ಲಿ ವಿಚಾರಿಸಲು ಕಳಿಸಿದೆ. ತಾಲ್ಲೂಕು ಕಚೇರಿಯ ಎದುರು ಟೈಪ್ ಮೇಜು ಹಾಕಿಕೊಂಡಿರುವ ಪತ್ರ ಬರಹಗಾರ ಪಂಚಾಕ್ಷರಪ್ಪ ನಮ್ಮ ಅಪ್ಪನ ಕಾಲದಿಂದ ಗುರುತು. ಅವರು ರೇಣುಕನ ಫೋನಿನಲ್ಲೇ ನನ್ನೊಡನೆ ಮಾತಾಡಿದರು.

"ಎರಡು ದಾರಿ ಇದೆ ನೋಡಮ್ಮ. ದತ್ತು ಆಗಿದ್ದು ನಿಜ ಅಂತ ಕೋರ್ಟಿಗೆ ಹೋಗಿ ಡಿಕ್ಲೇರ್ ಮಾಡಿಸ್ಬೋದು. ವರ್ಷ ಎರಡು ವರ್ಷ ಆಗ್ತದೆ. ಇಲ್ಲಾಂದ್ರೆ ನಿಮ್ಮ ಚಿಕ್ಕಮ್ಮನೇ ಅಫಿಡವಿಟ್ ಮಾಡ್ಕೊಡ್ಬೇಕು. ಅವತ್ತು ನಾನು ಹೇಳಿದ್ದು ತಪ್ಪು, ವಯಸ್ಸಾಗಿದೆ, ಗೊಂದಲ ಆಗಿತ್ತು, ಆ ಹುಡುಗೀನ ನಾನು ಹೆತ್ತಿಲ್ಲ ಅಂತ. ಅದಕ್ಕೆ ವಾರ ಸಾಕು. ಸುಳ್ಳು ಪ್ರಮಾಣ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಯೋಚ್ನೆ ಮಾಡು."

ನಾನು ಯೋಚನೆ ಮಾಡಲಿಲ್ಲ. ಎರಡನೆಯದು ಎಂದೆ.

ಸಿಟ್ಟಿಗೆದ್ದವಳು ಅಮ್ಮ. ನನ್ನ ಪಾಸ್‌ಪೋರ್ಟಿನಲ್ಲಿ ಉಳಿಯುವುದು ಅವಳದೇ ಹೆಸರು, ಆ ಕಾಗದದಿಂದ ಪೂರ್ತಿಯಾಗಿ ತಾಯಿಯಾಗುವವಳು ಅವಳೇ. ಆದರೂ ಅವಳು ಆವತ್ತು ಸಂಜೆ ಫೋನಿನಲ್ಲಿ ನನ್ನ ಮೇಲೆ ಹಾಯ್ದ ಹಾಗೆ ಹಿಂದೆಂದೂ ಹಾಯ್ದಿರಲಿಲ್ಲ. ನನ್ನ ಮುಂಗೋಪ ಬಂದದ್ದು ಅವಳಿಂದಲೇ, ರಕ್ತದಿಂದಲ್ಲ.

"ಅವಳ ಕೈಲಿ ಅದನ್ನ ಬರೆಸ್ಬೇಡ ಕಣೇ. ಕೆಲ್ಸ ಹೋದ್ರೆ ಹೋಗ್ಲಿ, ಬಂದು ಮನೇಲಿ ಬಿದ್ದಿರು. ಅವಳು ಮಗೂನ ನನ್ನ ಮಡಿಲಿಗೆ ಹಾಕಿ ರೈಲು ಹತ್ತಿದ್ದು ನಾನು ನೋಡಿದೀನಿ. ನೀನು ನೋಡಿಲ್ಲ. ಕಿಟಕೀಲಿ ಕೂತು ತಿರುಗಿ ನೋಡ್ಲಿಲ್ಲ ಅವಳು, ನೋಡಿದ್ರೆ ನಾನು ವಾಪಸ್ ಕೊಟ್ಬಿಡ್ತೀನೇನೋ ಅಂತ. ಅಂಥೋಳ ಕೈಲಿ ಹೆತ್ತಿಲ್ಲ ಅಂತ ಬರೆಸ್ತೀಯಾ?"

"ಹಂಗಾದ್ರೆ ಪೊಲೀಸಿನೋರಿಗೆ ನೀನೇ ಹೋಗಿ ಹೇಳು, ನಾನು ತಾಯಿ ಅಲ್ಲ ಅಂತ."

"ಹೇಳ್ತೀನಿ. ಹೋಗಿ ಹೇಳ್ತೀನಿ, ನಂಗೇನು ಭಯ?"

"ನೀನು ಹಂಗೆ ಹೇಳಿದ್ರೆ ಹಳೇ ಪಾಸ್‌ಪೋರ್ಟೂ ಸುಳ್ಳಾಗ್ತದೆ. ನನ್ನ ಇಲ್ಲೇ ಜೈಲಿಗೆ ಹಾಕ್ತಾರೆ."

ಜೈಲಿಗೆ ಹಾಕುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಮ್ಮನ ಬಾಯಿ ಮುಚ್ಚಿಸಲು ಹೇಳಿದೆ. ಅವಳು ಫೋನ್ ಇಟ್ಟಳು. ನಾನು ಗೆದ್ದೆ ಎಂದುಕೊಂಡೆ. ಆ ಮಾತನ್ನು ಪಕ್ಕದಲ್ಲಿ ಕೂತಿದ್ದ ತೀರ್ಥಮ್ಮನೂ ಕೇಳಿಸಿಕೊಳ್ಳುತ್ತಿದ್ದಳು ಎನ್ನುವುದು ನನಗೆ ಆಮೇಲೆ ತಿಳಿಯಿತು. ಮಾರನೆಯ ಬೆಳಿಗ್ಗೆ ಅವಳು ಅಕ್ಕನಿಗೆ ಹೇಳದೆ ಬೀರೂರಿನ ರೈಲು ಹತ್ತಿದಳು. ರೇಣುಕನನ್ನು ಎಬ್ಬಿಸಿಕೊಂಡು, ಹನ್ನೊಂದು ಗಂಟೆಗೆ ಕಡೂರಿನಲ್ಲಿ ಪಂಚಾಕ್ಷರಪ್ಪನವರ ಮೇಜಿನ ಎದುರು ನಿಂತಿದ್ದಳು.

ರೇಣುಕ ವಿಡಿಯೊ ಕಾಲ್ ಮಾಡಿದ್ದ. ನಾನೇ ಮಾಡು ಎಂದಿದ್ದೆ, ಒಂದಕ್ಷರ ತಪ್ಪಾಗಬಾರದು ಎಂದು. ಪಂಚಾಕ್ಷರಪ್ಪನವರು ಟೈಪ್ ಮಾಡಿದ್ದನ್ನು ಓದಿ ಹೇಳಿದರು. "ಸದರಿ ಸ್ಫೂರ್ತಿಯು ನನ್ನ ಅಕ್ಕನಾದ ಗಿರಿಜಮ್ಮನವರ ಹೊಟ್ಟೆಯಲ್ಲಿ ಹುಟ್ಟಿದ ಮಗಳಾಗಿದ್ದು, ನಾನು ಆಕೆಯನ್ನು ಹೆತ್ತಿರುವುದಿಲ್ಲ. ವಯೋಸಹಜ ಮರೆವಿನಿಂದ ಹಾಗೂ ಬುದ್ಧಿಭ್ರಮಣೆಯಿಂದ ಹಿಂದಿನ ಹೇಳಿಕೆ ಕೊಟ್ಟಿರುತ್ತೇನೆ." ತೀರ್ಥಮ್ಮ ನಿಂತುಕೊಂಡೇ ಕೇಳಿದಳು. ಒಂದೇ ಒಂದು ಪ್ರಶ್ನೆ ಕೇಳಿದಳು.

"ಬುದ್ಧಿಭ್ರಮಣೆ ಅಂದ್ರೆ ಹುಚ್ಚಾ ಪಂಚಾಕ್ಷರಪ್ಪ?"

"ಹುಚ್ಚಲ್ಲಮ್ಮ. ಸ್ವಲ್ಪ ತಲೆ ನಿಲ್ತಿರ್ಲಿಲ್ಲ ಅಂತ."

"ಬಿಸಿಯೂಟದೋರಿಗೆ ತಿಳಿದ್ರೆ ಕೆಲ್ಸದಿಂದ ತೆಗೀತಾರೇನೋ. ಆಗ್ಲಿ ಬಿಡಿ, ಹೆಂಗೂ ಇನ್ನೆಷ್ಟು ದಿನ. ಎಲ್ಲಿ ಹಾಕ್ಬೇಕು ಹೇಳಿ."

ಹಾಕಿದಳು. ಅದೇ ದುಂಡನೆಯ ಸಹಿ. ನೋಟರಿ ಮುದ್ರೆ ಒತ್ತಿದರು. ಆಗಲೇ ನಾನು ಆ ಮಾತು ಅಂದದ್ದು. ಒಳ್ಳೆ ಕೆಲಸ ಮಾಡಿದೆ ಚಿಕ್ಕಮ್ಮ, ಎಂದೆ. ಅವಳು ಫೋನಿನ ಕಡೆ ನೋಡದೆ ತಲೆಯಾಡಿಸಿದಳು. ಪಂಚಾಕ್ಷರಪ್ಪನವರು ತಮ್ಮ ಬರವಣಿಗೆಯ ಕೂಲಿ ಬೇಡವೆಂದು ರೇಣುಕನ ಕೈ ದೂಡಿದರು. ಅದು ನನ್ನ ಮೇಲಿನ ಅಭಿಮಾನಕ್ಕೆ ಎಂದು ಆಗ ತಿಳಿದಿದ್ದೆ.

ಜುಲೈ ಮೊದಲ ವಾರ ಮರುವಿಚಾರಣೆ ನಡೆಯಿತು. ಈ ಸಲ ಬಂದವರು ವಯಸ್ಸಾದ ಹೆಡ್ ಕಾನ್‌ಸ್ಟೇಬಲ್. ತೀರ್ಥಮ್ಮನನ್ನು ಅಜ್ಜಂಪುರದ ಮನೆಗೆ ಕರೆಸಿ, ಅಫಿಡವಿಟ್ ಎದುರಿಗಿಟ್ಟುಕೊಂಡು, ಸ್ಫೂರ್ತಿ ನಿಮಗೆ ಏನಾಗಬೇಕು ಎಂದು ಮತ್ತೆ ಕೇಳಿದರು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳಂತೆ. ತೀರ್ಥಮ್ಮ, "ಅಕ್ಕನ ಮಗಳು ಸ್ವಾಮಿ" ಎಂದಳು. ಅವತ್ತು ಯಾಕಮ್ಮ ಹಾಗಂದಿರಿ ಎಂದರೆ, "ಎತ್ತಾಡ್ಸಿದ ಮಗು ಅಲ್ವಾ, ಬಾಯ್ತಪ್ಪಿ ಅಂದ್ಬಿಟ್ಟೆ" ಎಂದಳು. ಅವರು ಹೋದ ಮೇಲೆ ಅಮ್ಮ ಅವಳೊಂದಿಗೆ ಮಾತಾಡಲಿಲ್ಲ. ನನ್ನ ಫೋನನ್ನೂ ಒಂದು ವಾರ ಎತ್ತಲಿಲ್ಲ.

ಜುಲೈ ಇಪ್ಪತ್ತಾರಕ್ಕೆ ಪಾಸ್‌ಪೋರ್ಟ್ ಕೈಗೆ ಬಂತು. ಮೂವತ್ತಕ್ಕೆ ಕಾರ್ಡ್ ಆಯಿತು. ಹೊಸ ಪಾಸ್‌ಪೋರ್ಟಿನ ಕೊನೆಯ ಹಾಳೆಯಲ್ಲಿ ತಾಯಿಯ ಹೆಸರಿನ ಮುಂದೆ ಗಿರಿಜಮ್ಮ ಎಂದು ಮೊದಲಿನ ಹಾಗೆಯೇ ಇತ್ತು. ಅದನ್ನು ಫೋಟೊ ತೆಗೆದು ಇಬ್ಬರಿಗೂ ಕಳಿಸಿದೆ. ಅಮ್ಮ ನೋಡಿ ಏನೂ ಬರೆಯಲಿಲ್ಲ. ತೀರ್ಥಮ್ಮ ರೇಣುಕನ ಫೋನಿನಿಂದ ಕೈಮುಗಿದ ಚಿತ್ರ ಕಳಿಸಿದ್ದಳು.

ಆಮೇಲೆ ತಿಂಗಳುಗಟ್ಟಲೆ ನಾನು ಎಲ್ಲರ ಮೇಲೂ ಉರಿದೆ. ಆ ಕಾನ್‌ಸ್ಟೇಬಲ್ ಹುಡುಗ ಅಷ್ಟು ನಿಷ್ಠೆಯಿಂದ ಬರೆಯಬೇಕಿತ್ತೇ ಎಂದು, ಸತ್ತ ಅಪ್ಪ ಎರಡು ಸಾಲು ಬರೆಸಿಡಲಿಲ್ಲವಲ್ಲ ಎಂದು, ತಾಯಿ ಎನ್ನುವುದಕ್ಕೆ ಒಂದೇ ಗೆರೆ ಎಳೆದ ಆ ಅರ್ಜಿ ನಮೂನೆ ಮಾಡಿದವರ ಮೇಲೆ. ನನ್ನ ಮೇಲೆ ನಾನು ಉರಿಯುವ ಸರದಿ ಈ ಜನವರಿಯಲ್ಲಿ ಬಂತು.

ತೀರ್ಥಮ್ಮನಿಗೆ ಗರ್ಭಕೋಶ ಜಾರಿತ್ತು. ಎರಡು ವರ್ಷದಿಂದ ಹೇಳಿಕೊಳ್ಳದೆ, ಅದರಲ್ಲೇ ಬಿಸಿಯೂಟದ ಹಂಡೆ ಎತ್ತುತ್ತಿದ್ದಳು. ತಡೆಯಲಾಗದೆ ಕೂತುಬಿಟ್ಟಾಗ ರೇಣುಕ ನನಗೆ ಹೇಳಿದ. ನಾನು ಇಪ್ಪತ್ತು ದಿನದ ರಜೆ ಹಾಕಿ ಬಂದು, ತರೀಕೆರೆಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿ ಸೇರಿಸಿದೆ. ಆಪರೇಷನ್ ಮಾಡಿ ತೆಗೆಯಬೇಕು ಎಂದರು. ಅವಳು ಹೆದರಿರಲಿಲ್ಲ. ನಾನು ನರ್ಸ್ ಎಂದು ಪಕ್ಕದ ಮಂಚದವರಿಗೆಲ್ಲ ಹೇಳಿಕೊಂಡು ಕೂತಿದ್ದಳು. 'ನಮ್ಮಕ್ಕನ ಮಗಳು, ಫಾರಿನ್ನಿನಲ್ಲಿ ದೊಡ್ಡ ನರ್ಸು.'

ಸಂಜೆ ಡ್ಯೂಟಿಯ ನರ್ಸ್ ಹುಡುಗಿ ಕೇಸ್ ಶೀಟ್ ತುಂಬಲು ಬಂದಳು. ಹೆಸರು, ವಯಸ್ಸು, ಬಿಪಿ, ಶುಗರ್. ನಾನು ಮಂಚದ ಪಕ್ಕ ನಿಂತು, ಅವಳು ಸರಿಯಾಗಿ ಬರೆಯುತ್ತಾಳೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆ. ಕಸುಬಿನ ಚಾಳಿ.

"ಎಷ್ಟು ಹೆರಿಗೆ ಆಗಿದೆ ಅಜ್ಜಿ?"

ಮಸ್ಕತ್ತಿನಲ್ಲಿ ನಾನು ಕೆಲಸ ಮಾಡುವುದು ಹೆರಿಗೆ ವಾರ್ಡಿನಲ್ಲೇ. ದಿನಕ್ಕೆ ಇಪ್ಪತ್ತು ಹೆಂಗಸರಿಗೆ ಈ ಪ್ರಶ್ನೆ ಕೇಳುತ್ತೇನೆ. ಯಾವ ಹೆಂಗಸೂ ಇದಕ್ಕೆ ಯೋಚಿಸಿ ಉತ್ತರ ಹೇಳಿದ್ದನ್ನು ನಾನು ನೋಡಿಲ್ಲ.

ತೀರ್ಥಮ್ಮ ಯೋಚಿಸಿದಳು. ನನ್ನ ಮುಖ ನೋಡಿದಳು.

"ಮೂರು," ಎಂದಳು.

ನಾಲ್ಕು ಎನ್ನಲು ನಾನು ಬಾಯಿ ತೆರೆದೆ. ಅವಳು ಹಾಸಿಗೆಯ ಮೇಲಿಂದಲೇ ನನ್ನ ಮುಂಗೈ ಹಿಡಿದು ಅದುಮಿದಳು. ನೂರೈವತ್ತು ಮಕ್ಕಳ ಸಾರು ಕಲಕಿದ ಕೈ, ನೋವಾಗುವಷ್ಟು ಗಟ್ಟಿಯಾಗಿತ್ತು.

"ಮೂರೇ ಬರ್ಕೊಳ್ಳಮ್ಮ," ಎಂದಳು ಆ ಹುಡುಗಿಗೆ. ಆಮೇಲೆ ನನ್ನ ಕಡೆ ತಿರುಗಿ, ಬೇರೆಯವರಿಗೆ ಕೇಳಿಸದ ಹಾಗೆ, "ಸುಮ್ನಿರು. ಇಲ್ಲಿ ಬರ್ದಿದ್ದು ಎಲ್ಲೆಲ್ಲಿಗೆ ಹೋಗ್ತದೋ ಯಾರಿಗೆ ಗೊತ್ತು. ನಿನ್ನ ಪಾಸ್‌ಪೋರ್ಟಿಗೆ ಮತ್ತೆ ತೊಂದ್ರೆ ಆಗ್ಬಾರ್ದು," ಎಂದಳು.

ಆಸ್ಪತ್ರೆಯ ಕೇಸ್ ಶೀಟ್ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಹೇಳಬಹುದಿತ್ತು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೆ ಜೈಲಿನ ಮಾತು ಆಡಿ ಅವಳನ್ನು ಹೆದರಿಸಿದವಳು ನಾನೇ. ಅದನ್ನು ಬಿಡಿಸಿ ಹೇಳಲು ಹೊರಟರೆ ಕಡೂರಿನ ಆ ಮೇಜಿನವರೆಗೂ ಹೋಗಬೇಕಾಗುತ್ತಿತ್ತು. ಆ ಹುಡುಗಿ ತಲೆಯೆತ್ತಿ, ನೀವು ಏನೋ ಹೇಳೋಕೆ ಬಂದ್ರಲ್ಲ ಸಿಸ್ಟರ್, ಎಂದಳು. ಏನಿಲ್ಲ ಎಂದೆ.

ಅವಳು ಮೂರು ಎಂದು ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದಳು.